ಶಾಲೆ ಸಮಿತಿ ಇರುವುದು ಸಹಿ ಹಾಕುವುದಕ್ಕಲ್ಲ

ಹೆತ್ತೂರು ಹೋಬಳಿಯ ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮೂರು ವರ್ಷ ಎಸ್‌ಡಿಎಂಸಿ ಸದಸ್ಯನಾಗಿದ್ದೆ. ಮೊದಲನೇ ವರ್ಷ ಮಾಡಿದ ಕೆಲಸ ಏನೆಂದರೆ ಸಹಿ ಹಾಕಿದ್ದು. ಶುಂಠಿಗೆ ಮಣ್ಣು ಕೊಡುತ್ತಾ ಇದ್ದರೆ ಒಬ್ಬ ಹುಡುಗ ನಡಾವಳಿ ಪುಸ್ತಕ ಹಿಡ್ಕೊಂಡು ಹೊಲಕ್ಕೇ ಓಡಿ ಬರೋನು. "ಮೇಷ್ಟ್ರು ಸಹಿ ಹಾಕಿಸ್ಕಂಡು ಬಾ ಅಂದ್ರು" ಅನ್ನೋನು. ಮಣ್ಣಿನ ಕೈಯಲ್ಲೇ ಸಹಿ ಹಾಕಿ ಕಳಿಸ್ತಿದ್ದೆ. ಮೇಲೆ ಏನು ಬರೆದಿದೆ ಅಂತ ಓದಿದವನಲ್ಲ. ಕೆಲವು ಸಲ ಓದೋಕೆ ಏನೂ ಇರುತ್ತಿರಲಿಲ್ಲ, ಕೆಳಗೆ ನಮ್ಮ ಹೆಸರುಗಳು ಮಾತ್ರ. ಮೇಲಿನದು ಆಮೇಲೆ ತುಂಬಿಕೊಳ್ಳೋದು.

2014ರ ಆಗಸ್ಟ್ 15ರಂದು ಬಾವುಟ ಹಾರಿಸಿ ಮಿಠಾಯಿ ಹಂಚಿದ ಮೇಲೆ ಪೋಷಕರ ಸಭೆ ಇತ್ತು. ಕಾಫಿ ತೋಟದ ಲೈನ್ ಮನೆಯ ಒಬ್ಬ ತಾಯಿ ಎದ್ದು ನಿಂತು, "ಸಾ, ನಮ್ ಹುಡ್ಗ ಮೂರ್ನೇ ಕ್ಲಾಸು. ರೇಷನ್ ಕಾರ್ಡ್ ಮೇಲಿರೋ ನನ್ ಹೆಸ್ರು ಓದಕ್ಕೆ ಬರಲ್ವಲ್ಲ, ಯಾಕೆ?" ಅಂತ ಕೇಳಿದಳು. ಹೆಡ್ ಮೇಷ್ಟ್ರ ಮುಖ ಚಿಕ್ಕದಾಯ್ತು. "ಕೂತ್ಕೊಳವ್ವ, ಹಬ್ಬದ ದಿನ ಇದೆಲ್ಲ ಬ್ಯಾಡ" ಅಂತ ಹೇಳಿ ಕೂರಿಸಿದ್ದು ಬೇರೆ ಯಾರೂ ಅಲ್ಲ, ನಾನೇ.

ಅವತ್ತು ರಾತ್ರಿ ಮನೆಯಲ್ಲಿ ಐದನೇ ಕ್ಲಾಸಿನ ನನ್ನ ಮಗಳ ಕೈಗೆ ಒಂದು ಪತ್ರಿಕೆ ಕೊಟ್ಟು ಓದು ಅಂದೆ. ಒತ್ತಕ್ಷರ ಬಂದಲ್ಲೆಲ್ಲ ನಿಂತಳು. ನಾನು ಓದಿದ್ದು ಏಳನೇ ಕ್ಲಾಸು, ಆದರೆ ಐದಕ್ಕೆ ಬರುವಷ್ಟರಲ್ಲಿ ಪೇಪರ್ ಓದುತ್ತಿದ್ದೆ. ಸಮಿತಿಯಲ್ಲಿದ್ದು ನಾನು ಏನು ನೋಡಿದ ಹಾಗಾಯಿತು ಅಂತ ಅವತ್ತು ಯೋಚನೆ ಹತ್ತಿತು. ಆಮೇಲೆ ಈ ಸಮಿತಿ ಅಂದರೆ ಏನು, ಎಲ್ಲಿಂದ ಬಂತು, ನಮಗೆ ಏನು ಕೇಳುವ ಹಕ್ಕಿದೆ ಅಂತ ಒಂದೊಂದೇ ವಿಚಾರಿಸಿ ತಿಳಿದುಕೊಂಡೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಮಿತಿ ಬಂದ ಬಗೆ

ಹಿಂದೆ ಶಾಲಾ ಅಭಿವೃದ್ಧಿ ಸಮಿತಿ ಅಂತ ಒಂದಿತ್ತು. ಊರಿನ ಪಟೇಲರು, ದೊಡ್ಡ ಹಿಡುವಳಿದಾರರು ಅದರಲ್ಲಿ ಇರೋರು. ಆಮೇಲೆ ಗ್ರಾಮ ಶಿಕ್ಷಣ ಸಮಿತಿ ಬಂತು. ಅದರಲ್ಲಿ ಪಂಚಾಯ್ತಿಯವರದೇ ಮುಂದಾಳತ್ವ. ಮಗು ಕಳಿಸುವ ಅಪ್ಪ ಅಮ್ಮನಿಗೆ ಎರಡರಲ್ಲೂ ಜಾಗ ಅಷ್ಟಕ್ಕಷ್ಟೆ. ಡಾ. ರಾಜಾರಾಮಣ್ಣ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಶಿಕ್ಷಣಕ್ಕೆ ಒಂದು ಕಾರ್ಯಪಡೆ ಮಾಡಿತ್ತಲ್ಲ, ಆ ಕಾರ್ಯಪಡೆ ಶಾಲೆಯನ್ನು ಪೋಷಕರ ಕಣ್ಣಳತೆಗೆ ತರಬೇಕು ಅಂತ ಹೇಳಿತು. ಅದರ ಮೇಲೆ 2001ರ ಏಪ್ರಿಲ್ 28ರಂದು ಆದೇಶವಾಗಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹುಟ್ಟಿತು. ಪೋಷಕರೇ ಸೇರಿ ತಮ್ಮೊಳಗಿಂದ 9 ಜನರನ್ನು ಆರಿಸಬೇಕು, ಹೆಡ್ ಮೇಷ್ಟ್ರು ಕಾರ್ಯದರ್ಶಿ. 2006ರಲ್ಲಿ ಇದಕ್ಕೆ ಮಾದರಿ ಉಪವಿಧಿ ಮಾಡಿ ಪಂಚಾಯತ್ ರಾಜ್ ಕಾಯ್ದೆಯೊಳಕ್ಕೆ ತಂದು, ಗ್ರಾಮ ಪಂಚಾಯ್ತಿಯ ನಾಗರಿಕ ಸೌಕರ್ಯ ಸಮಿತಿಯ ಕೆಳಗಿನ ಉಪಸಮಿತಿ ಅಂತ ಮಾಡಿದರು.

ಹೆಸರಿನಲ್ಲಿ ಎರಡು ಮಾತಿದೆ, ಗಮನಿಸಿ. ಅಭಿವೃದ್ಧಿ ಒಂದು, ಮೇಲುಸ್ತುವಾರಿ ಇನ್ನೊಂದು. ಬಹಳ ಕಡೆ ಮೊದಲನೆಯದು ಮಾತ್ರ ನಡೆಯುತ್ತೆ. ಬಣ್ಣ ಹೊಡೆಸೋದು, ಬೆಂಚು ಕೊಡಿಸೋದು, ಶಾಲೆ ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಿಸೋದು. ಎರಡನೆಯದಕ್ಕೆ ಕೈ ಹಾಕಿದರೆ ಮೇಷ್ಟ್ರಿಗೂ ಬೇಜಾರು, ಊರಿನವರಿಗೂ ಮುಜುಗರ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಮ್ಮ ರಾಜ್ಯದ ನಿಯಮಗಳು 2012ರಲ್ಲಿ ಬಂದವು. ಆವತ್ತಿಂದ ಇದು ಬರೀ ಆದೇಶ ಅಲ್ಲ, ಕಾನೂನು. ಕಾಯ್ದೆಯ 21ನೇ ಕಲಂ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಹಿಂದುಳಿದ, ಬಡ ಕುಟುಂಬದ ಪೋಷಕರಿಗೆ ಅವರ ಮಕ್ಕಳ ಸಂಖ್ಯೆಗೆ ತಕ್ಕಂತೆ ಜಾಗ ಕೊಡಬೇಕು. ಶಾಲೆ ಹ್ಯಾಗೆ ನಡೀತಿದೆ ಅಂತ ನೋಡುವುದು, ಬಂದ ಹಣ ಯಾವುದಕ್ಕೆ ಹೋಯಿತು ಅಂತ ನೋಡುವುದು, ಶಾಲೆಗೆ ಮುಂದೇನು ಬೇಕು ಅಂತ ಯೋಜನೆ ಬರೆದು ಕಳಿಸುವುದು, ಇಷ್ಟೂ ಸಮಿತಿಯ ಕೆಲಸ. 24ನೇ ಕಲಂ ಮೇಷ್ಟ್ರುಗಳಿಗೆ ಸಂಬಂಧಿಸಿದ್ದು. ಸಮಯಕ್ಕೆ ಸರಿಯಾಗಿ ಬರಬೇಕು, ಪಾಠ ಹೊತ್ತಿಗೆ ಮುಗಿಸಬೇಕು, ಪ್ರತಿ ಮಗುವಿನ ಕಲಿಕೆ ಅಳೆದು ಹಿಂದುಳಿದವರಿಗೆ ಬೇರೆ ಹೇಳಿಕೊಡಬೇಕು, ಪೋಷಕರನ್ನು ಕರೆದು ಹಾಜರಿ ಹ್ಯಾಗಿದೆ, ಕಲಿಕೆ ಹ್ಯಾಗಿದೆ ಅಂತ ತಿಳಿಸಬೇಕು ಅಂತ ಅದರಲ್ಲಿದೆ. ಅಂದರೆ ಆ ತಾಯಿ ಅವತ್ತು ಕೇಳಿದ್ದು ಅಧಿಕಪ್ರಸಂಗ ಅಲ್ಲ. ಕಾಯ್ದೆ ಪ್ರಕಾರ ಅವಳು ಕೇಳುವ ಮೊದಲೇ ಹೇಳಬೇಕಾಗಿತ್ತು.

ಮುಯ್ಯಾಳಿನ ಲೆಕ್ಕ

ನಮ್ಮ ಕಡೆ ಮುಯ್ಯಾಳು ಎಲ್ಲರಿಗೂ ಗೊತ್ತು. ಇವತ್ತು ನಿಮ್ಮ ನಾಟಿಗೆ ನಾನು ಬಂದರೆ ನಾಳೆ ನನ್ನ ನಾಟಿಗೆ ನೀವು ಬರಬೇಕು. ಬರದಿದ್ದರೆ ಮನೆ ಬಾಗಿಲಿಗೆ ಬಂದು ಕೇಳುತ್ತೇನೆ, ಕೇಳಿದ್ದಕ್ಕೆ ನೀವು ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಆಳು ಕಳಿಸದವನಿಗೆ ಕೇಳುವ ಬಾಯಿಯೂ ಇಲ್ಲ. ಶಾಲೆ ಜೊತೆಗೂ ಹೀಗೇ ಶುರು ಮಾಡೋಣ ಅಂತ ನಾಲ್ಕೈದು ಜನ ಮಾತಾಡಿಕೊಂಡೆವು. ಬರೀ ಕೇಳಲಿಕ್ಕೆ ಹೋದರೆ ಜಗಳವಾಗುತ್ತೆ. ಬರೀ ಕೊಟ್ಟುಕೊಂಡು ಕೂತರೆ ಸನ್ಮಾನದ ಹಾರ ಸಿಗುತ್ತೆ, ಮಕ್ಕಳಿಗೆ ಓದು ಸಿಗಲ್ಲ.

ಮೊದಲು ಹೆಂಚು. ನಮ್ಮ ಮಳೆ ಎಂಥದ್ದು ಅಂತ ಬಿಸಲೆ ಕಡೆ ಬಂದವರಿಗೆ ಗೊತ್ತು. ಜೂನ್‌ನಲ್ಲಿ ಹಿಡಿದರೆ ಬಿಡುವ ಮಾತಿಲ್ಲ. ಒಂದು ಕೋಣೆ ಪೂರ್ತಿ ಸೋರಿ ಎಲ್ಲ ಮಕ್ಕಳನ್ನೂ ಇನ್ನೊಂದರಲ್ಲೇ ಕೂರಿಸುತ್ತಿದ್ದರು. 2015ರ ಮೇ ತಿಂಗಳಲ್ಲಿ ಮನೆಗೊಂದಾಳಿನಂತೆ ಬಂದು ಎರಡು ದಿನ ಹೆಂಚು ಕೈಯಾಡಿಸಿದೆವು. ಒಡೆದ ಹೆಂಚಿಗೆ ಹಳೇ ಮನೆ ಕಿತ್ತವರು ಹೆಂಚು ಕೊಟ್ಟರು. ರೀಪು ಕೆಟ್ಟಿದ್ದಲ್ಲಿ ಒಬ್ಬರು ತೋಟದಿಂದ ಸಿಲ್ವರ್ ಮರ ಕೊಟ್ಟರು. ದುಡ್ಡು ಎತ್ತಲಿಲ್ಲ. ಎರಡನೇ ದಿನ ಸಂಜೆ ಕಾಫಿ ಕುಡಿಯುತ್ತಾ ಹೆಡ್ ಮೇಷ್ಟ್ರಿಗೆ ಹೇಳಿದೆವು: "ಸಾರ್, ಕೋಣೆ ಸೋರೋದು ನಮ್ ಲೆಕ್ಕ ಆಯ್ತು. ಮಕ್ಕಳ ಓದು ನಿಮ್ ಲೆಕ್ಕ. ತಿಂಗಳಿಗೊಂದ್ಸಲ ಕೂತು ನೋಡೋಣ."

ಆಗ ಅವರೂ ತಮ್ಮ ಕಷ್ಟ ಬಿಚ್ಚಿದರು. ಶಾಲೆಗೆ ಎರಡು ಹುದ್ದೆ. ಒಬ್ಬರನ್ನು ನಿಯೋಜನೆ ಮೇಲೆ ಬೇರೆ ಶಾಲೆಗೆ ಕಳಿಸಿ ಎಂಟು ತಿಂಗಳಾಗಿತ್ತು. ಒಂದರಿಂದ ಐದರವರೆಗೆ ಇವರೊಬ್ಬರೇ. ಅದರ ಮೇಲೆ ಹಾಲು, ಬಿಸಿಯೂಟ, ಸಮವಸ್ತ್ರದ ಲೆಕ್ಕ, ತರಬೇತಿ. ಇವರು ಸಭೆಗೆ ಹೋದ ದಿನ ಮಕ್ಕಳನ್ನು ನೋಡುವವರು ಅಡುಗೆಯವರು. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು ಅಂತ ಕಾಯ್ದೆಯ ಅನುಸೂಚಿಯಲ್ಲೇ ಇದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಪಾಠಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತಲೂ 27ನೇ ಕಲಂ ಇದೆ. ಮೇಷ್ಟ್ರು ಇದನ್ನು ಮೇಲಿನವರಿಗೆ ಹೇಳಿದರೆ ಅವರ ನೌಕರಿಗೆ ಕುತ್ತು. ನಾವು ಹೇಳಬಹುದು, ನಮ್ಮನ್ನು ಯಾರೂ ವರ್ಗ ಮಾಡಲ್ಲವಲ್ಲ.

ಸಮಿತಿ ಸಭೆಯಲ್ಲಿ ಠರಾವು ಬರೆದು, ನಕಲು ಲಗತ್ತಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಟ್ಟೆವು. ಅರ್ಜಿ ಎರಡು ಪ್ರತಿ ಇರಲಿ, ಒಂದಕ್ಕೆ ಕಚೇರಿ ಮೊಹರು ಹಾಕಿಸಿ ತಾರೀಕು ಬರೆಸಿಕೊಂಡು ಮನೆಗೆ ತನ್ನಿ. ಮೊಹರಿಲ್ಲದ ಅರ್ಜಿ ಕೊಟ್ಟರೂ ಒಂದೇ ಬಿಟ್ಟರೂ ಒಂದೇ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಆಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂ. ಕಟ್ಟಿ, ನಮ್ಮ ಶಾಲೆಯ ಎರಡನೇ ಶಿಕ್ಷಕರು ಯಾವ ಆದೇಶದ ಮೇಲೆ ಎಲ್ಲಿದ್ದಾರೆ ಅಂತ ಕೇಳಿದೆವು. ಇದಕ್ಕೆ 30 ದಿನದಲ್ಲಿ ಉತ್ತರ ಕೊಡಲೇಬೇಕು. ಉತ್ತರ ಬರುವುದಕ್ಕೆ ಮೊದಲೇ ಮೇಡಂ ಬಂದರು.

ಓದು ನೋಡುವುದು ಹ್ಯಾಗೆ

ಶಾಲೆ ಹ್ಯಾಗೆ ನಡೀತಿದೆ ಅಂತ ನೋಡುವುದು ಎಂದರೆ ಏಳನೇ ಕ್ಲಾಸು ಓದಿದ ನಾವು ಮೇಷ್ಟ್ರ ಪಾಠಕ್ಕೆ ಮಾರ್ಕ್ಸ್ ಹಾಕೋದಲ್ಲ. ಅದು ಆಗೋದೂ ಇಲ್ಲ. 2005ರಿಂದ ಪ್ರಥಮ್ ಸಂಸ್ಥೆಯವರು 'ಅಸರ್' ಅಂತ ದೇಶದ ಹಳ್ಳಿಗಳಲ್ಲಿ ಸಮೀಕ್ಷೆ ಮಾಡುತ್ತಾರೆ. ಅವರ ಅಳತೆಗೋಲು ಬಹಳ ಸರಳ. ಎರಡನೇ ಕ್ಲಾಸಿನ ಮಟ್ಟದ ಒಂದು ಚಿಕ್ಕ ಕತೆ ಕೊಟ್ಟು ಮಗು ತಡೆಯದೆ ಓದುತ್ತದಾ ನೋಡುವುದು. ಕಳೆಯುವ ಲೆಕ್ಕ, ಭಾಗಿಸುವ ಲೆಕ್ಕ ಒಂದೊಂದು. ಇಷ್ಟನ್ನು ಯಾವ ತಾಯಿತಂದೆಯೂ ನೋಡಬಹುದು. ಓದು ಬರದ ತಾಯಿಗೂ ಮಗು ತಡವರಿಸಿದ್ದು ಗೊತ್ತಾಗುತ್ತೆ.

ನಾವು ಮಾಡಿದ್ದು ಹೀಗೆ. ತಿಂಗಳ ಸಭೆಯಲ್ಲಿ ಮೂರನೇ ಕ್ಲಾಸು ಮೇಲ್ಪಟ್ಟ ಮಕ್ಕಳು ಒಬ್ಬೊಬ್ಬರೇ ಬಂದು ಎರಡನೇ ಕ್ಲಾಸಿನ ಪುಸ್ತಕದ ಒಂದು ಪುಟ ಓದುವುದು. ಬೈಯುವ ಹಾಗಿಲ್ಲ, ನಗುವ ಹಾಗಿಲ್ಲ. ಮೊದಲ ತಿಂಗಳು 14 ಮಕ್ಕಳಲ್ಲಿ ಸರಾಗ ಓದಿದವರು 5. ಹೆಡ್ ಮೇಷ್ಟ್ರು ತಲೆ ತಗ್ಗಿಸಿದರು, ನಾವೂ ತಗ್ಗಿಸಿದೆವು. ಆಮೇಲೆ ಅವರು ಹಾಜರಿ ಪುಸ್ತಕ ತಂದು ನಮ್ಮ ಮುಂದಿಟ್ಟರು. "ಡಿಸೆಂಬರ್, ಜನವರಿ ನೋಡಿ" ಅಂದರು. ಕಾಫಿ ಕೊಯ್ಲಿನ ತಿಂಗಳು. ದೊಡ್ಡ ಹುಡುಗಿಯರು ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲಿ. ಕೆಲವರು ಅಪ್ಪ ಅಮ್ಮನ ಜೊತೆ ತೋಟದಲ್ಲಿ. ಈ ಗೈರುಹಾಜರಿ ಮೇಷ್ಟ್ರ ತಪ್ಪಲ್ಲ. ಅಂಗನವಾಡಿ ಸಮಯಕ್ಕೆ ತೆರೆದರೆ ಚಿಕ್ಕ ಮಕ್ಕಳು ಅಲ್ಲಿರುತ್ತವೆ, ದೊಡ್ಡವು ಶಾಲೆಗೆ ಬರುತ್ತವೆ ಅಂತ ಹೆಂಗಸರೇ ಹೇಳಿದರು. ಇಂಥ ಮಾತು ಗಂಡಸರೇ ತುಂಬಿದ ಸಭೆಯಲ್ಲಿ ಹೊರಡಲ್ಲ. ಅರ್ಧ ಹೆಂಗಸರು ಅಂತ ಕಾಯ್ದೆ ಹೇಳಿದ್ದು ಯಾಕೆ ಅಂತ ನನಗೆ ತಿಳಿದದ್ದು ಆಗ.

ನಮ್ಮದೂ ಒಂದು ತಪ್ಪು ಆಯಿತು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ನೆಲದ ಮೇಲೆ ಕೂರಿಸಿ ಕಾರ್ಡು ಕೊಟ್ಟು ಆಡಿಸ್ತಾರೆ, ಪಾಠ ಮಾಡಲ್ಲ ಅಂತ ದೂರಿದೆವು. ಅದು ನಲಿ-ಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲೂಕಿನ ಮೇಷ್ಟ್ರುಗಳೇ ಶುರು ಮಾಡಿದ್ದು, ಆಮೇಲೆ ರಾಜ್ಯಕ್ಕೆಲ್ಲ ಬಂತು. ಪ್ರತಿ ಮಗು ತನ್ನ ಮೆಟ್ಟಿಲು ತಾನು ಹತ್ತುವ ಹಾಗೆ ಕಾರ್ಡುಗಳಿವೆ. ಗೋಡೆ ಮೇಲೆ ಪ್ರಗತಿ ನೋಟ ಅಂತ ಇರುತ್ತೆ, ನಿಮ್ಮ ಮಗು ಯಾವ ಮೆಟ್ಟಿಲಿನಲ್ಲಿದೆ ಅಂತ ಅದರಲ್ಲಿ ನೋಡಬಹುದು. ಎರಡು ತಿಂಗಳು ಅದೇ ಮೆಟ್ಟಿಲಿನಲ್ಲಿದ್ದರೆ ಆಗ ಕೇಳಿ.

ಆ ಲೈನ್ ಮನೆ ಹುಡುಗ ಐದು ಮುಗಿಸುವ ಹೊತ್ತಿಗೆ ಓದು ಕಲಿತ. ಅವರು ಬೇರೆ ತೋಟಕ್ಕೆ ಹೊರಟಾಗ ಟಿಸಿ ಅರ್ಜಿ ಅವನೇ ಬರೆದ, ಅಮ್ಮ ಹೆಬ್ಬೆಟ್ಟು ಒತ್ತಿದಳು.

ಹಣ ಮತ್ತು ಊಟ

2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದ ಮೇಲೆ ಶಾಲೆಗೆ ವರ್ಷಕ್ಕೊಂದು ಸಂಯುಕ್ತ ಅನುದಾನ ಇದೆ. ಮಕ್ಕಳು 30ರೊಳಗಿದ್ದರೆ 10,000 ರೂ., 100ರವರೆಗೆ 25,000, 250ರವರೆಗೆ 50,000 ರೂ. ವರೆಗೆ. ಇದರಲ್ಲಿ ನೂರಕ್ಕೆ 10 ಪಾಲಾದರೂ ಶೌಚಾಲಯ, ಕೈ ತೊಳೆಯುವುದು ಇಂಥ ಸ್ವಚ್ಛತೆಗೆ ಹೋಗಬೇಕು. ಹೆಡ್ ಮೇಷ್ಟ್ರು ಒಬ್ಬರೇ ಖರ್ಚು ಮಾಡುವ ಹಣ ಅಲ್ಲ ಇದು, ಸಮಿತಿಯ ಮುಂದೆ ಬಂದು ಹೋಗಬೇಕು. ಸಹಿ ಹಾಕುವ ಅಧ್ಯಕ್ಷರಿಗೆ ಒಂದು ಮಾತು: ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಮೇಷ್ಟ್ರು ಎಷ್ಟೇ ಒಳ್ಳೆಯವರಿರಲಿ ಹಾಕಬೇಡಿ, ಅವರಿಗೂ ಅದು ಒಳ್ಳೆಯದಲ್ಲ. ಖರ್ಚಾದ ಮೇಲೆ ಬಿಲ್ಲು ಸಭೆಯಲ್ಲಿ ಓದಿಸಿ, ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಮ್ಮಲ್ಲಿ ಹಾಗೆ ಅಂಟಿಸಿದ ಮೇಲೆ "ಸಮಿತಿಯೋರು ದುಡ್ ತಿಂದ್ರು" ಅನ್ನುವ ಮಾತು ಅಂಗಡಿ ಕಟ್ಟೆಯಲ್ಲಿ ನಿಂತಿತು.

ಬಿಸಿಯೂಟದ ಅಳತೆಯೂ ಗೊತ್ತಿರಬೇಕು. ಒಂದರಿಂದ ಐದರ ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. ಆರರ ಮೇಲೆ ಅಕ್ಕಿ 150, ಬೇಳೆ 30. ನಮ್ಮ 27 ಮಕ್ಕಳೂ ಬಂದ ದಿನ ಅಕ್ಕಿ 2 ಕೆಜಿ 700 ಗ್ರಾಂ, ಬೇಳೆ ಅರ್ಧ ಕೆಜಿ ಮೇಲೆ. ಹಾಜರಿ ಎಷ್ಟು, ಅಳೆದು ಕೊಟ್ಟದ್ದೆಷ್ಟು, ಎರಡು ಪುಸ್ತಕ ಪಕ್ಕಪಕ್ಕ ಇಟ್ಟರೆ ಮುಗಿಯಿತು. ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿ ಎರಡು ಮೂರು ಜನ ದೊಡ್ಡವರು ರುಚಿ ನೋಡಬೇಕು ಅಂತ ನಿಯಮ ಇದೆ. ತಾಯಂದಿರು ಸರದಿ ಮಾಡಿಕೊಂಡರು. ಹಿತ್ತಿಲ ನುಗ್ಗೆ ಸೊಪ್ಪು, ಬಾಳೆಕಾಯಿ ಅವರೇ ತಂದು ಹಾಕುತ್ತಿದ್ದರು.

ದೊಡ್ಡ ಕೆಲಸಗಳಿಗೆ ಮನೆಮನೆ ದುಡ್ಡು ಎತ್ತಬೇಡಿ. ಕಾಂಪೌಂಡ್, ಆಟದ ಮೈದಾನ ಇಂಥವನ್ನು ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಪಂಚಾಯ್ತಿಗಳು ಮಾಡಿಸಿವೆ. ಗ್ರಾಮಸಭೆಯಲ್ಲಿ ಹೇಳಿ ಪಂಚಾಯ್ತಿ ಕ್ರಿಯಾಯೋಜನೆಗೆ ಸೇರಿಸಬೇಕು. ಸೇರಿದ ಮೇಲೆ ನಡಾವಳಿಯ ನಕಲು ತೆಗೆದುಕೊಳ್ಳಿ.

ಮಕ್ಕಳ ಸಂಖ್ಯೆ

ನಮ್ಮಂಥ ಗುಡ್ಡದ ಊರಿನ ಶಾಲೆಗೆ ಎಲ್ಲಕ್ಕಿಂತ ದೊಡ್ಡ ಭಯ ಇದೇ. ಇದ್ದವರು ಮಕ್ಕಳನ್ನು ಹಳದಿ ಬಸ್ಸಿನ ಕಾನ್ವೆಂಟಿಗೆ ಕಳಿಸುತ್ತಾರೆ. ಶುಂಠಿ ರೇಟು ಬಂದ ವರ್ಷ ಸೇರಿಸೋದು, ಬಿದ್ದ ವರ್ಷ ಫೀಸಿಗೆ ಸಾಲ ಮಾಡೋದು. ಸರ್ಕಾರವೂ ಏನು ಕಡಿಮೆ ಮಾಡಲಿಲ್ಲ. ಶಿಕ್ಷಣ ಹಕ್ಕಿನ ಶೇ. 25 ಸೀಟಿನ ಹೆಸರಿನಲ್ಲಿ 2012ರಿಂದ ಸರ್ಕಾರಿ ಶಾಲೆ ಪಕ್ಕದಲ್ಲೇ ಇದ್ದರೂ ತಾನೇ ಫೀಸು ಕೊಟ್ಟು ಖಾಸಗಿಗೆ ಕಳಿಸಿತು. 2019ರಲ್ಲಿ ನಿಯಮ ತಿದ್ದಿ ಅದನ್ನು ನಿಲ್ಲಿಸಿದರು, ಅಷ್ಟರಲ್ಲಿ ಎಷ್ಟೋ ಶಾಲೆ ಬಡವಾಗಿತ್ತು. ಮಕ್ಕಳು ಕಡಿಮೆಯಾದರೆ ಶಿಕ್ಷಕರು 'ಹೆಚ್ಚುವರಿ' ಆಗುತ್ತಾರೆ, ಶಿಕ್ಷಕರು ಹೋದರೆ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಕೊನೆಗೆ ವಿಲೀನ.

2018ರ ಜುಲೈ ಬಜೆಟ್ಟಿನಲ್ಲಿ 28,847 ಶಾಲೆಗಳನ್ನು ಒಂದು ಕಿ.ಮೀ. ಒಳಗಿನ 8,530 ಶಾಲೆಗಳಿಗೆ ಸೇರಿಸುವ ಮಾತು ಬಂತು. ಆಗ ಮುಖ್ಯಮಂತ್ರಿ ನಮ್ಮ ಜಿಲ್ಲೆಯವರೇ. ಸಾಹಿತಿಗಳು, ಸಂಘಟನೆಗಳು ವಿರೋಧಿಸಿದವು. ಕಾಗದದ ಮೇಲೆ ಒಂದು ಕಿ.ಮೀ. ಬಹಳ ಹತ್ತಿರ. ಇಲ್ಲಿ ಆ ಒಂದು ಕಿ.ಮೀ.ನಲ್ಲಿ ಒಂದು ಹಳ್ಳ, ಒಂದು ಕಾಫಿ ತೋಟ, ತೋಟದಲ್ಲಿ ಆನೆ. ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಮೊಬೈಲಿಗೆ ಆನೆ ಎಲ್ಲಿದೆ ಅಂತ ಸಂದೇಶ ನೋಡಿ ಆಮೇಲೆ ಮಕ್ಕಳನ್ನು ಹೊರಡಿಸುವ ಊರು ನಮ್ಮವು. ಒಂದರಿಂದ ಐದಕ್ಕೆ ಒಂದು ಕಿ.ಮೀ., ಆರರಿಂದ ಎಂಟಕ್ಕೆ ಮೂರು ಕಿ.ಮೀ. ಒಳಗೆ ಶಾಲೆ ಇರಬೇಕು ಅಂತ ನಿಯಮ. ಇಲ್ಲದಿದ್ದಲ್ಲಿ ಮಗುವಿಗೆ ವರ್ಷಕ್ಕೆ 6,000 ರೂ.ವರೆಗೆ ಸಾರಿಗೆ ಭತ್ಯೆಗೆ ಸಮಗ್ರ ಶಿಕ್ಷಣದಲ್ಲಿ ಅವಕಾಶ ಇದೆ.

ಮಂಗಳೂರು ಕಡೆ ಹರೇಕಳದ ಹಾಜಬ್ಬ ಕಿತ್ತಳೆ ಮಾರಿ ನ್ಯೂಪಡ್ಪುವಿನಲ್ಲಿ ಶಾಲೆ ತಂದರು. ಪದ್ಮಶ್ರೀ ಕೊಟ್ಟರು, ಕೊಡಲೇಬೇಕಿತ್ತು. ಬಂಟ್ವಾಳ ತಾಲೂಕಿನ ದಡ್ಡಲಕಾಡಿನಲ್ಲಿ ಮುಚ್ಚುವ ಹಂತದ ಶಾಲೆಯನ್ನು ಊರಿನ ಯುವಕರ ಸಂಘ ಕೈಗೆತ್ತಿಕೊಂಡು ಬೆಳೆಸಿತು. ಆದರೆ ಅಂಥವರು ಊರಿಗೊಬ್ಬರು ಹುಟ್ಟುತ್ತಾರೆ ಅಂತ ಕಾಯಲಿಕ್ಕಾಗಲ್ಲ. ಸಮಿತಿ ಇರುವುದು ಅದಕ್ಕೇ. ಒಂಟಿ ಸಮಿತಿಗೆ ಕಚೇರಿಯಲ್ಲಿ ಬೆಲೆ ಕಡಿಮೆ ಅಂತ ರಾಜ್ಯಮಟ್ಟದಲ್ಲಿ ಎಸ್‌ಡಿಎಂಸಿ ಸಮನ್ವಯ ವೇದಿಕೆ ಇದೆ. ರಾಷ್ಟ್ರೀಯ ಕಾನೂನು ಶಾಲೆಯಲ್ಲಿದ್ದ ಡಾ. ವಿ.ಪಿ. ನಿರಂಜನಾರಾಧ್ಯ ಅವರು ಅದರ ಬೆನ್ನಿಗಿದ್ದಾರೆ. ಹೋಬಳಿಯ ನಾಲ್ಕು ಸಮಿತಿ ಸೇರಿ ಒಂದೇ ಅರ್ಜಿ ಕೊಟ್ಟಾಗ ಕಚೇರಿಯಲ್ಲಿ ಕೂತ್ಕೊಳ್ಳಿ ಅಂತ ಕುರ್ಚಿ ತೋರಿಸಿದ್ದನ್ನು ನಾನೇ ಕಂಡಿದ್ದೇನೆ.

ಎಡವುವುದು ಎಲ್ಲಿ

ಸಭೆಯನ್ನು ಕೆಲಸದ ದಿನ ಬೆಳಿಗ್ಗೆ 11ಕ್ಕೆ ಇಟ್ಟರೆ ಕೂಲಿ ಮಾಡುವವರು ಬರಲ್ಲ, ಬಂದರೆ ಒಂದು ದಿನದ ಕೂಲಿ ಹೋಯಿತು. ನಾವು ಭಾನುವಾರ ಸಂಜೆಗೆ ಇಟ್ಟೆವು. ಮೇಷ್ಟ್ರಿಗೆ ರಜೆ ದಿನ, ಅವರು ಗೊಣಗದೆ ಬಂದರು ಅನ್ನೋದನ್ನೂ ಬರೆಯಬೇಕು. ಇನ್ನೊಂದು, ಸಮಿತಿ ಆರಿಸುವಾಗ ಪಕ್ಷದ ರಾಜಕೀಯ ಒಳಗೆ ಬರುತ್ತೆ. ಮಗು ಕಾನ್ವೆಂಟಿನಲ್ಲಿ, ಅಪ್ಪ ಸರ್ಕಾರಿ ಶಾಲೆ ಸಮಿತಿಗೆ ಅಧ್ಯಕ್ಷ ಆಗಬೇಕು ಅಂತ ಓಡಾಡಿದ್ದನ್ನೂ ನೋಡಿದ್ದೇನೆ. ಅಂಥವರಿಗೆ ಕಾಯ್ದೆಯಲ್ಲಿ ಜಾಗವಿಲ್ಲ, ಆ ಶಾಲೆಯಲ್ಲಿ ಮಗು ಓದುತ್ತಿರಬೇಕು. ಸಮಿತಿಯ ಅವಧಿ ಮೂರು ವರ್ಷ. ಅಷ್ಟರೊಳಗೆ ಕೆಲಸ ಬಲ್ಲವರು ಹೋಗಿ ಹೊಸಬರು ಬರುತ್ತಾರೆ, ಎಲ್ಲ ಮೊದಲಿಂದ ಶುರು. ಹಳಬರು ಕಡತ ಒಪ್ಪಿಸಿ ಒಂದೆರಡು ಸಭೆಗೆ ಜೊತೆ ಕೂತರೆ ಒಳ್ಳೆಯದು. ನಮ್ಮಲ್ಲಿ ಒಂದು ಸಲ ಹಾಗೆ ಮಾಡದೆ ಎರಡು ವರ್ಷ ಮತ್ತೆ ಹೊಲಕ್ಕೇ ಪುಸ್ತಕ ಬರುವ ಕಾಲ ಬಂದಿತ್ತು.

ಈಗ ನಮ್ಮ ಶಾಲೆಯಲ್ಲಿ 19 ಮಕ್ಕಳಿದ್ದಾರೆ. ಒಬ್ಬರು ಕಾಯಂ ಮೇಡಂ, ಒಬ್ಬರು ಅತಿಥಿ ಶಿಕ್ಷಕಿ. ಹೆಂಚು ಈ ವರ್ಷವೂ ಕೈಯಾಡಿಸಿ ಆಯಿತು. ಹಳ್ಳದಾಚೆಯ ಆರು ಮಕ್ಕಳಿಗೆ ಸಾರಿಗೆ ಭತ್ಯೆ ಕೇಳಿ ಕೊಟ್ಟ ಅರ್ಜಿಗೆ ಇನ್ನೂ ಉತ್ತರವಿಲ್ಲ. ಸದ್ಯ ಆ ಮಕ್ಕಳನ್ನು ದಿನಕ್ಕಿಬ್ಬರು ತಂದೆಯರು ಸರದಿ ಮೇಲೆ ತೋಟ ದಾಟಿಸಿ ಕರೆತರುತ್ತಿದ್ದಾರೆ. ಮೊಹರು ಹಾಕಿದ ಪ್ರತಿ ಅಧ್ಯಕ್ಷಿಣಿಯ ಮನೆಯಲ್ಲಿದೆ, ಮುಂದಿನ ತಿಂಗಳು ಎರಡನೆಯದು ಕೊಡುತ್ತಾರೆ.